ಅನ್ನ, ಬ್ರೆಡ್ಡು, ಆಲೂಗಡ್ಡೆಗಳ ಪ್ರಭಾರ ಹೊತ್ತ ಹೂಕೋಸಿಗೆ

ಮಾನ್ಯ ಹೂಕೋಸಿನವರೇ,

ತರಕಾರಿ ಅಂಗಡಿಯ ಮುಂದಿನ ಸಾಲಿನಲ್ಲಿ, ಹಸಿರೆಲೆಗಳ ಕಾಲರು ಏರಿಸಿಕೊಂಡು ಬೆಳ್ಳಗೆ ವಿರಾಜಮಾನರಾಗಿರುವ ತಮಗೆ, ಇದೇ ಬೀದಿಯ ಮೂಲೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಬ್ರೆಡ್ ಬೇಯಿಸಿಕೊಂಡು ಬಂದಿರುವ ನನ್ನ ಸವಿನಯ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ಕ್ಷೇಮವಾಗಿರದೆ ಏನು, ಕಳೆದ ಒಂಬತ್ತು ವಾರಗಳಿಂದ ನಮ್ಮ ಮನೆಯಲ್ಲಿ ತಮ್ಮದೇ ಆಡಳಿತವಲ್ಲವೇ!

ಈ ಪತ್ರಕ್ಕೆ ಮೂಲ ನನ್ನ ಬಲಮಂಡಿ. ದಿನಕ್ಕೆ ಒಂಬತ್ತು ಗಂಟೆ ಒಲೆಯ ಮುಂದೆ ನಿಂತು ನಿಂತು ಅದು ಸವೆದುಹೋಗಿ, ಈಚೆಗೆ ಹಿಟ್ಟಿನ ಮೂಟೆ ಹಾಗಿರಲಿ, ಖಾಲಿ ತಟ್ಟೆ ಎತ್ತಿದರೂ ಕಟಕ್ಕೆನ್ನುತ್ತದೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ತೂಕದ ಯಂತ್ರ ನೋಡಿ, ಕೊನೆಗೆ ನನ್ನ ಹೊಟ್ಟೆಯನ್ನೂ ನೋಡಿ, "ಹನ್ನೊಂದು ಕೆಜಿ ಇಳಿಸ್ಕೊಂಡು ಬನ್ನಿ, ಆಮೇಲೆ ಆಪರೇಷನ್ ಮಾಡ್ತೀನಿ, ಇಲ್ಲಾಂದ್ರೆ ಕೂತು ಮಾಡೋ ಕೆಲಸ ಯಾವ್ದಾದ್ರೂ ಹುಡುಕ್ಕೊಳ್ಳಿ" ಎಂದರು. ಕುಳಿತು ಬ್ರೆಡ್ ಮಾಡುವ ವಿದ್ಯೆಯನ್ನು ನನ್ನ ಗುರುಗಳು ಕಲಿಸಿರಲಿಲ್ಲ. ಅಂಗಡಿ ಮುಚ್ಚುವುದೋ ಬಾಯಿ ಮುಚ್ಚುವುದೋ ಎಂಬ ಪ್ರಶ್ನೆ ಬಂದಾಗ, ಗಲ್ಲಾದಲ್ಲಿ ಕೂರುವ ನನ್ನ ಹೆಂಡತಿ ಬಾಯಿ ಮುಚ್ಚುವ ಕಡೆಗೆ ಮತ ಹಾಕಿದಳು.

ಡಾಕ್ಟರು ನಮ್ಮನ್ನು ಪಥ್ಯದ ಸಲಹೆಗಾರ್ತಿಯ ಬಳಿಗೆ ಕಳುಹಿಸಿದರು. ಬಲು ಸಭ್ಯ ಹೆಣ್ಣುಮಗಳು. ಉದ್ಯೋಗವೇನೆಂದು ಕೇಳಿದರು, ಬ್ರೆಡ್ ಮಾಡುತ್ತೇನೆಂದೆ. ಅವರು ಪೆನ್ನನ್ನು ಮೇಜಿನ ಮೇಲೆ ಮಲಗಿಸಿ, "ಅಯ್ಯೋ ಪಾಪ" ಎಂದರು. ಆಮೇಲೆ ಎರಡು ಬಣ್ಣದ ಪಟ್ಟಿಯೊಂದನ್ನು ಕೈಗಿತ್ತರು. ಹಸಿರು ಬದಿಯಲ್ಲಿ ಮೊಟ್ಟೆ, ಮೀನು, ಕೋಳಿ, ಸೊಪ್ಪು, ಸೌತೆಕಾಯಿ, ಚೀಸು, ಎಣಿಸಿ ಹತ್ತೇ ಹತ್ತು ಬಾದಾಮಿ. ಕೆಂಪು ಬದಿಯಲ್ಲಿ ನಾನು ಹುಟ್ಟಿದಾಗಿನಿಂದ ಪ್ರೀತಿಸುತ್ತ ಬಂದ ಸಮಸ್ತರೂ. ನೆಲದ ಮೇಲೆ ಬೆಳೆಯುವ ತರಕಾರಿಗಳು ಸಜ್ಜನರೆಂದೂ ನೆಲದೊಳಗೆ ಬೆಳೆಯುವವು ಸಂಶಯಾಸ್ಪದರೆಂದೂ ತಿಳಿಯಿತು. ಈರುಳ್ಳಿಗೆ ಹೇಗೋ ಜಾಮೀನು ಸಿಕ್ಕಿತ್ತು, ಆಲೂಗಡ್ಡೆಗೆ ಸಿಗಲಿಲ್ಲ. ಅನ್ನ, ಬ್ರೆಡ್ಡು, ಆಲೂಗಡ್ಡೆ ಮೂವರನ್ನೂ ಅಮಾನತಿನಲ್ಲಿಟ್ಟರೆ ಅವರ ಕೆಲಸ ಯಾರು ನೋಡಿಕೊಳ್ಳುತ್ತಾರೆಂದು ಗಾಬರಿಯಿಂದ ಕೇಳಿದೆ. ಸಲಹೆಗಾರ್ತಿ ಮುಖ ಇಷ್ಟಗಲ ಮಾಡಿಕೊಂಡು, ಹೂಕೋಸಿನವರೇ, ತಮ್ಮ ಹೆಸರು ಹೇಳಿದರು.

ಅಂದಿನಿಂದ ತಾವು ಮೂರೂ ಖಾತೆಗಳ ಹೆಚ್ಚುವರಿ ಪ್ರಭಾರ ವಹಿಸಿಕೊಂಡು ದುಡಿಯುತ್ತಿರುವ ರೀತಿಯನ್ನು ಹೊಗಳಲು ನನ್ನ ಬಳಿ ಶಬ್ದಗಳಿಲ್ಲ. ಸೋಮವಾರ ತಮ್ಮನ್ನು ತುರಿದು ಅನ್ನವೆಂದು ಬಡಿಸಿದರು, ಬುಧವಾರ ಬೇಯಿಸಿ ಕಿವುಚಿ ಆಲೂಗಡ್ಡೆಯೆಂದರು, ಶನಿವಾರ ತಟ್ಟಿ ಕಾಯಿಸಿ ರೊಟ್ಟಿಯೆಂದರು. ಮೂರು ವೇಷದಲ್ಲೂ ತಾವು ಕಿಂಚಿತ್ತೂ ಬದಲಾಗದೆ ಹೂಕೋಸಾಗಿಯೇ ಉಳಿದದ್ದು ತಮ್ಮ ದೊಡ್ಡತನ. ಬಾಯಿಯನ್ನು ನಂಬಿಸಬಹುದು, ಕಣ್ಣನ್ನೂ ನಂಬಿಸಬಹುದು, ಮೂಗನ್ನು ನಂಬಿಸಲು ಮಾತ್ರ ನನ್ನಿಂದ ಸುತರಾಂ ಆಗಲಿಲ್ಲ, ಮೂಗು ದಿನವಿಡೀ ಬ್ರೆಡ್ಡಿನ ಒಲೆಯ ಮುಂದೆಯೇ ಇರುತ್ತದೆ ನೋಡಿ. ಹಾಗಿದ್ದೂ ಏಳು ಕೆಜಿ ಇಳಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದರ ಶ್ರೇಯಸ್ಸು ತಮ್ಮದು. ತಮ್ಮನ್ನು ಕಂಡೊಡನೆ ಹಸಿವೇ ಇಂಗಿಹೋಗುತ್ತದೆ.

ಇಲ್ಲಿಯವರೆಗೆ ನನಗೆ ದೂರಿರಲಿಲ್ಲ. ದೂರು ಹುಟ್ಟಿದ್ದು ಕಳೆದ ಮಂಗಳವಾರ, ಅದನ್ನು ಹೇಳಲು ನಮ್ಮ ಅಂಗಡಿಯ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಒಲೆಯಿಂದ ಬಂದ ಮೊದಲ ಬ್ರೆಡ್ಡಿಗೆ ಚಾಕು ಮುಟ್ಟಿಸುವಂತಿಲ್ಲ, ಕೈಯಲ್ಲೇ ಮುರಿದು, ತುದಿಯನ್ನು ಬಾಯಿಗೆ ಹಾಕಿಕೊಂಡು, ಉಪ್ಪು ಹದ ಎರಡೂ ಒಪ್ಪಿದ ಮೇಲೆಯೇ ಉಳಿದವು ಗಾಜಿನ ಕಪಾಟು ಸೇರಬೇಕು. ಉಪ್ಪು ಹಾಕಿದ್ದು ಕೈಗೆ ಮರೆತುಹೋಗುತ್ತದೆ, ನಾಲಿಗೆಯನ್ನು ಕೇಳು ಎಂದು ಗುರುಗಳು ಹೇಳುತ್ತಿದ್ದರು. ಕೆಂಪು ಪಟ್ಟಿ ಬಂದ ದಿನವೇ ಈ ಹುದ್ದೆಯನ್ನು ನಾನು ಹೆಂಡತಿಗೆ ಒಪ್ಪಿಸಿಬಿಟ್ಟೆ. ದಿನವೂ ಅವಳು ತುದಿ ಮುರಿದುಕೊಂಡು, ನನಗೆ ಬೆನ್ನು ಮಾಡಿ ನಿಂತು, ತುಸು ಹೊತ್ತಿನ ಮೇಲೆ "ಸರಿಯಾಗಿದೆ ರೀ" ಎನ್ನುತ್ತಿದ್ದಳು. ನನ್ನ ಆಸೆ ಕೆರಳದಿರಲೆಂದು ಬೆನ್ನು ಮಾಡುತ್ತಾಳೆ ಎಂದುಕೊಂಡಿದ್ದೆ. ಅಂಗಡಿಯ ಹಿಂದಿನ ಗೋಡೆಯ ಮೇಲಿನ ಗುಬ್ಬಚ್ಚಿಗಳು ಈಚೆಗೆ ಡುಮ್ಮಣ್ಣಗಳಾಗುತ್ತಿವೆ ಎಂಬುದನ್ನು ಗಮನಿಸಿದ್ದೆನಾದರೂ, ಪರರ ತೂಕದ ವಿಚಾರ ನನಗೇಕೆಂದು ಸುಮ್ಮನಿದ್ದೆ.

ಮಂಗಳವಾರ ನನಗೊಂದು ದುರ್ಬುದ್ಧಿ ಹುಟ್ಟಿತು. ಇಪ್ಪತ್ತೊಂಬತ್ತು ವರ್ಷ ಬ್ರೆಡ್ ಮಾಡಿದವನು ತಮ್ಮನ್ನು ಬ್ರೆಡ್ ಮಾಡಲಾರೆನೇ ಎಂಬ ಹಮ್ಮು. ಅರವತ್ತು ಬ್ರೆಡ್ಡಿನ ಹಿಟ್ಟನ್ನು ಒಂದು ತೊಟ್ಟಿಯಲ್ಲಿಟ್ಟು, ತುರಿದು ಹಿಂಡಿ ಮೊಟ್ಟೆ ಬೆರೆಸಿದ ತಮ್ಮನ್ನು ಪಕ್ಕದ ಬೋಗುಣಿಯಲ್ಲಿ ಕೂರಿಸಿದೆ. ಕಲಸುವಾಗ ಮನಸ್ಸೆಲ್ಲ ತಮ್ಮ ಮೇಲೆಯೇ, ತಾವು ಅಂಟುತ್ತಿರಲಿಲ್ಲ, ಉಂಡೆಯಾಗುತ್ತಿರಲಿಲ್ಲ, ಕೈ ಬಿಟ್ಟರೆ ಕುಸಿದು ಕೂರುತ್ತಿದ್ದಿರಿ. ಆ ಗಡಿಬಿಡಿಯಲ್ಲಿ ಅರವತ್ತು ಬ್ರೆಡ್ಡಿಗೆಂದು ಅಳೆದಿಟ್ಟ ಉಪ್ಪಿನ ಬಟ್ಟಲನ್ನು ಪೂರ್ತಿಯಾಗಿ ತಮ್ಮ ಬೋಗುಣಿಗೆ ಸುರಿದೆನೆಂಬುದು ಆಗ ತಿಳಿಯಲಿಲ್ಲ. ಉಪ್ಪಿಲ್ಲದ ಹಿಟ್ಟು ಬೇಗ ಉಬ್ಬುತ್ತದೆ, ತೊಟ್ಟಿಯ ಹಿಟ್ಟು ಹಾಗೆ ಉಬ್ಬಿದಾಗ ನಾನು ಸೆಕೆಯಿರಬೇಕೆಂದುಕೊಂಡೆ. ಹೆಂಡತಿ ತುದಿ ಮುರಿದಳು, ಬೆನ್ನು ಮಾಡಿದಳು, ಸರಿಯಾಗಿದೆ ಎಂದಳು. ಅರವತ್ತು ಸಪ್ಪೆ ಬ್ರೆಡ್ಡುಗಳು ಊರು ಸೇರಿದವು.

ಮಧ್ಯಾಹ್ನದ ಹೊತ್ತಿಗೆ ದರ್ಜಿ ಬಂದ, ಔಷಧಿ ಅಂಗಡಿಯವರು ಬಂದರು, ಶಾಲೆಯ ಅಡುಗೆಯಾಕೆ ಬುಟ್ಟಿ ಸಮೇತ ಬಂದಳು. ಎಲ್ಲರಿಗಿಂತ ಕೊನೆಗೆ, ನಾನು ಅಂಗಡಿ ತೆರೆದ ದಿನದಿಂದಲೂ ಒಂದೇ ಒಂದು ಬ್ರೆಡ್ ಒಯ್ಯುವ ನಿವೃತ್ತ ಟೀಚರಮ್ಮ ಬಂದು, ಬಾಗಿಲಲ್ಲೇ ನಿಂತು, "ಏನಪ್ಪಾ, ಮನೇಲಿ ಎಲ್ಲಾ ಚೆನ್ನಾಗಿದ್ದೀರಾ?" ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು.

ಅವರು ಹೋದ ಮೇಲೆ ಬಾಗಿಲು ಎಳೆದು ಹೆಂಡತಿಯ ಮೇಲೆ ರೇಗಾಡಿದೆ. ನಾಲಿಗೆ ಎಲ್ಲಿಟ್ಟಿದ್ದೆ ಎಂದು ಕೇಳಿದೆ, ಕೇಳಬಾರದಿತ್ತು. ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ, ಬೆಳಿಗ್ಗೆ ಮುರಿದಿದ್ದ ತುದಿಯನ್ನು ಹಾಗೆಯೇ ಮೇಜಿನ ಮೇಲಿಟ್ಟಳು. ಒಂಬತ್ತು ವಾರಗಳಿಂದ ಒಂದು ದಿನವೂ ತಿಂದಿರಲಿಲ್ಲವಂತೆ, ಮೂಸಿ ನೋಡಿ ಜೇಬಿಗಿಳಿಸಿ ಗುಬ್ಬಚ್ಚಿಗಳಿಗೆ ಹಾಕುತ್ತಿದ್ದಳಂತೆ. "ನೀವು ಅಷ್ಟು ಆಸೆಪಡೋದನ್ನ ನಿಮ್ಮೆದುರಿಗೇ ನಿಂತು ನಾನ್ಹೇಗ್ರೀ ತಿನ್ಲಿ?" ಎಂದಳು. ಹೂಕೋಸಿನವರೇ, ಮನೆಯಲ್ಲೂ ಅವಳು ನನ್ನೊಂದಿಗೆ ತಮ್ಮನ್ನೇ ಉಣ್ಣುತ್ತಿದ್ದಳು, ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದುದನ್ನು ನಾನು ಅಂದೇ ನೋಡಿದ್ದು. ನನ್ನ ತೂಕವನ್ನು ಬೆಳಿಗ್ಗೆ ಸಂಜೆ ನೋಡುತ್ತಿದ್ದವನಿಗೆ ಅವಳು ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ತಾವು ದಯವಿಟ್ಟು ಬ್ರೆಡ್ ಖಾತೆಗೆ ತಕ್ಷಣ ರಾಜೀನಾಮೆ ಕೊಡಬೇಕು. ಅನ್ನದ ಪ್ರಭಾರದಲ್ಲಿ ಬೇಕಾದರೆ ಮುಂದುವರಿಯಿರಿ, ಆದರೆ ತಟ್ಟೆಗೆ ಬರುವ ಮುನ್ನ ತಾವು ಯಾರೆಂದು ನೇರವಾಗಿ ಹೇಳಿಕೊಳ್ಳಿ. ನನ್ನ ಮೈಯಿಂದ ಇಳಿದ ಏಳು ಕೆಜಿ ತಮಗೇ ಇರಲಿ, ಅವಳ ಮೈಯಿಂದ ಇಳಿದದ್ದನ್ನು ಮಾತ್ರ, ಒಂದು ಗ್ರಾಮೂ ಕಡಿಮೆಯಾಗದಂತೆ, ಯಾವ ಕೆನ್ನೆಯಿಂದ ತೆಗೆದಿರೋ ಆ ಕೆನ್ನೆಗೇ ಹಿಂದಿರುಗಿಸಬೇಕು. ಇದು ನಿಯಮಾವಳಿಯಲ್ಲಿಲ್ಲವೆಂದು ತಾವು ಹೇಳಬಹುದು. ಅರವತ್ತು ಬ್ರೆಡ್ಡಿನ ಉಪ್ಪನ್ನು ಒಬ್ಬರೇ ನುಂಗುವುದೂ ನಿಯಮಾವಳಿಯಲ್ಲಿರಲಿಲ್ಲ.

ಸಲಹೆಗಾರ್ತಿಗೆ ಎಲ್ಲವನ್ನೂ ಹೇಳಿದೆ. ರುಚಿ ನೋಡಿ ಉಗುಳಿಬಿಡಿ ಎಂದರು, ನಾನು ಬ್ರೆಡ್ ಉಗುಳುವವನಲ್ಲವೆಂದೆ. ಆಮೇಲೆ ಹೆಂಡತಿಯ ಮುಖ ನೋಡಿ, ಅವಳಿಗೆ ಪಥ್ಯ ಬೇಡವೇ ಬೇಡವೆಂದು ಹೇಳಿ, ಪಟ್ಟಿಯ ಹಸಿರು ಬದಿಯ ಕೊನೆಯಲ್ಲಿ ಕೈಯಿಂದಲೇ ಒಂದು ಸಾಲು ಬರೆದುಕೊಟ್ಟರು: ದಿನಕ್ಕೊಮ್ಮೆ, ಹೆಬ್ಬೆರಳಿನ ಉಗುರಿನಷ್ಟು, ಕೆಲಸದ ನಿಮಿತ್ತ. ಮಾರನೆಯ ದಿನ ಮೊದಲ ಬ್ರೆಡ್ಡನ್ನು ನಾನೇ ಮುರಿದೆ. ಉಗುರಿನಷ್ಟನ್ನು ನಾನಿಟ್ಟುಕೊಂಡು ಉಳಿದ ಇಡೀ ತುದಿಯನ್ನು ಅವಳ ಕೈಗಿತ್ತು, ಬೆನ್ನು ಮಾಡಬೇಡ ಎಂದೆ. ಅವಳು ನನ್ನನ್ನೇ ನೋಡುತ್ತ ಅಗಿದಳು, ಅಗಿಯುತ್ತ ಅತ್ತಳು, "ಉಪ್ಪು ಸ್ವಲ್ಪ ಜಾಸ್ತಿಯಾಯ್ತು ರೀ" ಎಂದಳು. ನನ್ನ ತುಂಡಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಇನ್ನು ನಾಲ್ಕು ಕೆಜಿ ಬಾಕಿ ಇದೆ. ಇಳಿಸುತ್ತೇನೆ, ಅದೇ ಒಲೆಯ ಮುಂದೆ ಮತ್ತೆ ಎರಡು ಕಾಲಿನ ಮೇಲೂ ನಿಲ್ಲುತ್ತೇನೆ.

ಏಳು ಕೆಜಿ ಕಡಿಮೆಯಾಗಿಯೂ ಗೌರವ ಕಡಿಮೆಯಾಗದ
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಬ್ರೆಡ್ಡಿನವನು

ಮರೆತ ಮಾತು: ಮಂಗಳವಾರ ಒಲೆಯಿಂದ ಬಂದ ತಮ್ಮ ಬ್ರೆಡ್ ರೂಪವು ಇಂದಿಗೂ ಸುರಕ್ಷಿತವಾಗಿದೆ. ಇರುವೆ ಮುಟ್ಟಿಲ್ಲ, ಗುಬ್ಬಚ್ಚಿಗಳು ಒಮ್ಮೆ ಬಂದು ನೋಡಿ ಹೊರಟುಹೋದವು. ಗಾಳಿಗೆ ಅಂಗಡಿಯ ಬಾಗಿಲು ಬಡಿದುಕೊಳ್ಳದಂತೆ ಅದನ್ನೇ ಒತ್ತಾಗಿ ಇಟ್ಟಿದ್ದೇವೆ. ಒಂಬತ್ತು ವಾರಗಳಲ್ಲಿ ತಾವು ಬೇರೆಯವರ ಹೆಸರು ಹೇಳಿಕೊಳ್ಳದೆ ಮಾಡುತ್ತಿರುವ ಮೊದಲ ಕೆಲಸ ಅದು, ಬಲು ಚೆನ್ನಾಗಿ ಮಾಡುತ್ತಿದ್ದೀರಿ.