ಹೆಸರು ಹಿಡಿದು ಕರೆದರೆ

ಎಲ್ಲಕ್ಕೂ ಕಾರಣ ಗೋಡೆಗೆ ಅಂಟಿಸಿದ ಒಂದು ನೋಟೀಸು. ಮೇಲಿನ ಮಹಡಿಯ ಹಳೆಯ ಕಂಪ್ಯೂಟರನ್ನು ಸಂಜೆ ಸಾಗಹಾಕುತ್ತಾರಂತೆ. ಅದರಲ್ಲಿ ಬೇಕಾದದ್ದಿದ್ದರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ 'ಏನೂ ಇಲ್ಲ' ಎಂದು ಬರೆದು ಸಹಿ ಹಾಕಬೇಕು.

ಟಪಾಲು ಗುಮಾಸ್ತರು ಅದನ್ನು ಎರಡೆರಡು ಸಲ ಓದಿದರು. ಅವರ ಹೆಂಡತಿ ಅದೇ ಆಫೀಸಿನ ಟೆಲಿಫೋನ್ ಮೇಜಿನಲ್ಲಿದ್ದವಳು. "ದಯವಿಟ್ಟು ಸ್ವಲ್ಪ ಕಾಯಿರಿ" ಎಂದು ಫೋನಿನಲ್ಲಿ ಕೇಳಿಸುತ್ತಿದ್ದ ದನಿ ಅವಳದೇ. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ಹೋದ ತಿಂಗಳು ಆ ದನಿಯನ್ನೂ ಬದಲಾಯಿಸಿದ್ದರು. ಆದರೆ ಆ ಹಳೆಯ ಕಂಪ್ಯೂಟರಿನಲ್ಲಿದ್ದ ಅವಳ ಫೋಲ್ಡರಿನಲ್ಲಿ ರೆಕಾರ್ಡಿಂಗೆಲ್ಲ ಉಳಿದಿತ್ತು, ತಪ್ಪು ಓದಿ ಕಿಲಕಿಲ ನಕ್ಕಿದ್ದೂ ಸೇರಿ. ಗುಮಾಸ್ತರಿಗೆ ಬೇಕಿದ್ದದ್ದು ಆ ನಗು. ಕೇಳುವ ಧೈರ್ಯ ಸಾಲದೆ ನಾಳೆ, ನಾಳೆ ಎಂದು ಮುಂದೂಡುತ್ತ ಬಂದಿದ್ದರು.

ಮೂವತ್ತು ವರ್ಷ ಸಂಸಾರ ಮಾಡಿದರೂ ಈ ಮಹಾರಾಯರು ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಅದೇನು ನಾಚಿಕೆಯೋ! "ಇವಳೇ, ನನ್ನ ಕನ್ನಡಕ ಎಲ್ಲಿ?" ಅಷ್ಟೇ. "ನನಗೂ ಒಂದು ಹೆಸರಿದೆ ಕಣ್ರೀ, ಕರೆದ್ರೆ ಬರ್ತೀನಿ" ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. ಕರೆಯದಿದ್ದರೂ ಕನ್ನಡಕ ಹಿಡಿದು ಬರುತ್ತಿದ್ದಳು.

ಮೇಲಿನ ಕಂಪ್ಯೂಟರಿನಲ್ಲಿದ್ದದ್ದನ್ನು ಕೆಳಗಿನ ಕಂಪ್ಯೂಟರಿನಿಂದಲೂ ನೋಡಬಹುದಿತ್ತು. ಬೆಳಗ್ಗೆಯಿಂದ ಅದರ ಮುಂದೆ ಕೂತಿದ್ದ ಟೈಪಿಸ್ಟಮ್ಮನನ್ನು ಎಬ್ಬಿಸಿ ಗುಮಾಸ್ತರು 'ಸಿಬ್ಬಂದಿ' ಎಂಬ ಫೋಲ್ಡರ್ ತೆರೆದರು. ಎಲ್ಲರ ಫೋಲ್ಡರೂ ಅದರೊಳಗೇ ಇರಬೇಕಿತ್ತು. ನೋಡಿದರೆ ಟೈಪಿಸ್ಟಮ್ಮನದೊಂದೇ!

"ಅಯ್ಯೋ, ನಾನೇನೂ ಮಾಡಿಲ್ಲಪ್ಪ" ಎಂದಳು ಆಕೆ.

ಅಷ್ಟರಲ್ಲಿ ಪಕ್ಕದ ಮೇಜಿನ ಎಲ್ಲಬಲ್ಲ ಬಂದ. ಕೇಳದಿದ್ದರೂ ಸಲಹೆ ಕೊಡುವುದರಿಂದ ಅವನಿಗೆ ಆ ಅಡ್ಡಹೆಸರು. "ವೈರಸ್ಸು ಸಾರ್! ಒಂದೊಂದಾಗಿ ತಿಂತಾ ಇದೆ."

"ಮೇಲಿರೋ ಕಂಪ್ಯೂಟರ್ ಹುಡುಗನ್ನ ಒಂದು ಮಾತು ಕೇಳ್ಲಾ?" ಎಂದರು ಗುಮಾಸ್ತರು.

"ಅವನು ಕೆಲಸದಲ್ಲಿ ಮುಳುಗಿದಾನೆ, ಸುಮ್ನೆ ಬೈಸ್ಕೋತೀರಿ. ನಾನಿಲ್ವಾ?"

ಎಲ್ಲಬಲ್ಲ ಕಂಪ್ಯೂಟರನ್ನು ಎರಡು ಸಲ ತಟ್ಟಿದ, ತಂತಿ ಕಿತ್ತು ಸಿಕ್ಕಿಸಿದ. ಊಟ ಮುಗಿಸಿ ಬಂದು ನೋಡಿದರೆ ಟೈಪಿಸ್ಟಮ್ಮನದೂ ಮಾಯ! ಆಕೆ ಕಿರುಚಿದ್ದಕ್ಕೆ ಮ್ಯಾನೇಜರೇ ಬಾಗಿಲಿಗೆ ಬಂದರು.

"ನಾಳೆ ನಮ್ಮೆಲ್ಲರ ಸರ್ವಿಸ್ ರೆಕಾರ್ಡೂ ಹೋಗುತ್ತೆ" ಎಂದ ಎಲ್ಲಬಲ್ಲ. "ಬೇಗ ಸಹಿ ಹಾಕಿ ಸಾರ್, ಆ ದರಿದ್ರ ಮಷಿನ್ನು ಮೊದಲು ತೊಲಗಲಿ. ಹೇಗೂ ಖಾಲಿ ತಾನೆ? ನೀವೇ ಕಣ್ಣಾರೆ ನೋಡಿದ್ರಿ."

ಪಾಪ, ಗುಮಾಸ್ತರು ನೋಡಿದ್ದು ನಿಜವೇ. ಹೆಂಡತಿ ಎರಡನೇ ಸಲ ಸತ್ತಂತಾಯಿತು. ಅವಳ ಪರವಾಗಿ 'ಏನೂ ಇಲ್ಲ' ಎಂದು ಬರೆದು ಮೂರು ಗಂಟೆಗೆ ಸಹಿ ಹಾಕಿದರು. ಎಲ್ಲಬಲ್ಲನೇ ಕಾಗದ ಹಿಡಿದು ಮೇಲಕ್ಕೆ ಓಡಿದ.

ನಾಲ್ಕಕ್ಕೆ ಕಂಪ್ಯೂಟರ್ ಹುಡುಗ ಕೆಳಗಿಳಿದು ಬಂದಾಗ ಟೈಪಿಸ್ಟಮ್ಮ ಇನ್ನೂ ಅಳುತ್ತಿದ್ದಳು. ವಿಷಯ ಕೇಳಿ ಅವನು ನಕ್ಕುಬಿಟ್ಟ.

"ಅಲ್ಲಿ ಹಾಗೆ ಇಣುಕಿ ನೋಡಿದ್ರೆ ಏನೂ ಕಾಣಲ್ಲ ಮೇಡಂ. ಯಾರದ್ದು ಬೇಕೋ ಅವರ ಹೆಸರು ಟೈಪ್ ಮಾಡ್ಬೇಕು. ಆಗ ಮೇಲಿನ ಮಷಿನ್ನಿಂದ ತಾನಾಗೇ ಬರುತ್ತೆ. ಹತ್ತು ನಿಮಿಷ ಯಾರೂ ಮುಟ್ಟದಿದ್ರೆ ವಾಪಸ್ ಹೋಗುತ್ತೆ, ಅಷ್ಟೇ." ಟೈಪಿಸ್ಟಮ್ಮನ ಹೆಸರು ಒತ್ತಿದ. ಫೋಲ್ಡರ್ ಬಂದು ನಿಂತಿತು. ಎಲ್ಲಬಲ್ಲನಿಗೆ ತುರ್ತಾಗಿ ಬೇರೆಲ್ಲೋ ಕೆಲಸ ನೆನಪಾಯಿತು.

ಗುಮಾಸ್ತರು ಎದ್ದು ನಿಂತರು. "ನಮ್ಮನೆಯವಳದ್ದು ಒಂದು ಸಲ ನೋಡಪ್ಪಾ."

"ಅಮ್ಮನ ಹೆಸರು ಹೇಳಿ ಸಾರ್."

ಗುಮಾಸ್ತರು ಅತ್ತಿತ್ತ ನೋಡಿದರು. ಕಡೆಗೂ ಹೇಳಿದರು, ಮೂವತ್ತು ವರ್ಷದಲ್ಲಿ ಮೊದಲ ಸಲ. ಹುಡುಗ ಒತ್ತಿದ. ಏನೂ ಬರಲಿಲ್ಲ. ಅವನ ಮುಖ ಸಪ್ಪಗಾಯಿತು.

"ಸಾರ್... ಅಮ್ಮನ ಫೋಲ್ಡರ್ ಒಂದನ್ನ ಮೂರೂಕಾಲಿಗೆ ಅಳಿಸಿಬಿಟ್ಟೆ. ನೀವೇ 'ಏನೂ ಇಲ್ಲ' ಅಂತ ಸಹಿ ಹಾಕಿದ್ರಲ್ಲ. ಇನ್ನು ತರೋಕಾಗಲ್ಲ."

ಗುಮಾಸ್ತರು ಕುರ್ಚಿಯಲ್ಲಿ ಕೂತರು. ಪರದೆಯನ್ನೇ ನೋಡುತ್ತ ಆ ಹೆಸರನ್ನು ಮೆಲ್ಲಗೆ ಇನ್ನೊಮ್ಮೆ ಕರೆದರು. ಮತ್ತೂ ಒಮ್ಮೆ ಕರೆದರು.

"ಸಾರ್, ಎಷ್ಟು ಸಲ ಕರೆದ್ರೂ ಇನ್ನು ಬರಲ್ಲ" ಎಂದ ಹುಡುಗ.

"ಗೊತ್ತಪ್ಪಾ" ಎಂದರು ಗುಮಾಸ್ತರು, ಕನ್ನಡಕ ಒರೆಸಿಕೊಳ್ಳುತ್ತ. "ಅಭ್ಯಾಸ ಮಾಡ್ಕೋತಾ ಇದೀನಿ."