ಇನ್ನೂರು ಬೆಲ್ಲುಗಳ ಬೀಳ್ಕೊಡುಗೆ

ಇದು ನಡೆದದ್ದೇ. ಸುಳ್ಳಾದರೆ ನನ್ನ ಮೀಸೆಯನ್ನು ಒಂದು ಕಡೆ ಬೋಳಿಸಿ. ಯಾವ ಕಡೆ ಎಂಬುದನ್ನು ನಿಮಗೇ ಬಿಟ್ಟಿದ್ದೇನೆ.

ಸೈಕಲ್ ಬೆಲ್ ತಯಾರಿಸುವ ಟ್ರಿಂಗಣ್ಣನಿಗೆ ಕಡಲಾಚೆಯ ದೇಶದಲ್ಲಿ ಒಬ್ಬ ಏಜೆಂಟು ಇದ್ದ. ಅಲ್ಲಿ ಟ್ರಿಂಗಣ್ಣನ ಬೆಲ್ಲನ್ನು ಅವನೊಬ್ಬನೇ ಮಾರಬೇಕು, ಇನ್ನಾರೂ ಮುಟ್ಟುವ ಹಾಗಿಲ್ಲ ಎಂದು ಒಪ್ಪಂದ. ಹತ್ತು ವರ್ಷದಲ್ಲಿ ಆ ಪುಣ್ಯಾತ್ಮ ನಮ್ಮ ಮಾತು ಕಲಿತ, ಬೆಲ್ ಮಾರುವುದು ಕಲಿಯಲಿಲ್ಲ. ಹೋದ ವರ್ಷ ಮಾರಿದ್ದು ಹನ್ನೊಂದು. ಅದರಲ್ಲಿ ಏಳು ಅವನ ಸೋದರತ್ತೆಗೆ. ಅತ್ತೆಗೆ ಸೈಕಲ್ಲೇ ಇಲ್ಲ.

ಈಗ ಆ ದೇಶದ ದೊಡ್ಡ ಸೈಕಲ್ ಕಾರ್ಖಾನೆಯೊಂದು ತಿಂಗಳಿಗೆ ಸಾವಿರ ಬೆಲ್ ಬೇಕು, ಆದರೆ ನಡುವೆ ಏಜೆಂಟು ಇರಕೂಡದು ಎಂದು ಬರೆದಿತ್ತು. ಏಜೆಂಟು ತೊಲಗಿದರೆ ಟ್ರಿಂಗಣ್ಣ ಬದುಕಿಕೊಂಡ. ಇಲ್ಲವೆಂದರೆ ಆರು ಜನ ದುಡಿಯುವ ವರ್ಕ್‌ಶಾಪಿಗೆ ಬೀಗ.

ವಕೀಲರು ಫೋನಿನಲ್ಲಿ ಎಚ್ಚರಿಸಿದರು: "ನೀವಾಗಿ ಬೇಡ ಅಂದ್ರೆ ಅಲ್ಲಿನ ಕಾನೂನು ಸುಮ್ನೆ ಬಿಡಲ್ಲ. ಪರಿಹಾರ ಕೊಡೋಕೆ ಮನೆ ಮಾರ್ಬೇಕಾಗುತ್ತೆ. ಅವನೇ ಬಿಡ್ತೀನಿ ಅಂದ್ರೆ ಬಿಡಿಗಾಸೂ ಇಲ್ಲ. ಇವತ್ತು ಐದು ಗಂಟೆ ಒಳಗೆ ಯಾರೂ ಬಾಯಿ ಬಿಡ್ಲಿಲ್ಲ ಅಂದ್ರೆ ಒಪ್ಪಂದ ತಾನಾಗೇ ಮತ್ತೆ ಹತ್ತು ವರ್ಷ ಮುಂದುವರಿಯುತ್ತೆ! ಬೈಬೇಡಿ, ಸಿಟ್ಟು ತೋರಿಸ್ಬೇಡಿ. ನಗ್ತಾ ಇರಿ."

ಅವತ್ತೇ ಏಜೆಂಟು ವರ್ಕ್‌ಶಾಪಿಗೆ ಬರುವವನಿದ್ದ.

ಪಕ್ಕದಂಗಡಿಯ ಟೈಲರ್ ಗೋಡೆಗೆ ಕಿವಿ ಅಂಟಿಸಿಕೊಂಡೇ ಹುಟ್ಟಿದವನು. ಓಡಿ ಬಂದ. "ಅಯ್ಯೋ, ಅವನಿಗೇ ಸಾಕಪ್ಪಾ ಸಾಕು ಅನ್ನೋ ಹಾಗೆ ಮಾಡೋಣ. ನಂಗೆ ಬಿಡು ಟ್ರಿಂಗಣ್ಣ."

ಏಜೆಂಟು ಬಂದ. ಕಾಲು ಮುರಿದ ಸ್ಟೂಲು ಕೊಟ್ಟರು. ಅಲೆಗೆ ಸಿಕ್ಕ ದೋಣಿಯಂತೆ ತೂಗಾಡಿ, "ಆಹಾ, ತೊಟ್ಟಿಲ ನೆನಪಾಯ್ತು," ಎಂದ. ಕೋಟಿಗೆ ಅಳತೆ ತೆಗೆಯುವ ನೆಪದಲ್ಲಿ ಟೈಲರ್ ಬೆನ್ನಿಗೆ ನಾಲ್ಕು ಗುಂಡುಸೂಜಿ ಚುಚ್ಚಿದ. "ಬೆನ್ನುನೋವು ಮಾಯ!" ಎಂದ ಏಜೆಂಟು.

ಟ್ರಿಂಗಣ್ಣನ ಹೆಂಡತಿ ತನ್ನ ತಮ್ಮನ ಮದುವೆಯ ಆಲ್ಬಮ್ ತಂದು ಕೂತಳು. ಮೂರು ಆಲ್ಬಮ್ ಮುಗಿಯಿತು. ಏಜೆಂಟು ಕಣ್ಣರಳಿಸಿ, "ಈ ದಪ್ಪನೆಯವರು ಯಾರು ತಾಯೀ?" ಎಂದ.

"ರೀ, ಇಷ್ಟು ಆಸೆಯಿಂದ ನೀವೂ ಒಂದು ದಿನ ನೋಡ್ಲಿಲ್ಲ," ಎಂದು ಹೆಂಡತಿ ಗಂಡನನ್ನೇ ತಿವಿದು ನಾಲ್ಕನೆಯದನ್ನು ತರಲು ಹೋದಳು.

ಇವನೇನು ಮನುಷ್ಯನೋ ರಬ್ಬರೋ? ಟ್ರಿಂಗಣ್ಣ ಅವನನ್ನೇ ಕಣ್ಣಿಟ್ಟು ನೋಡಿದ. ಆಗ ಒಂದು ಸಂಗತಿ ಕಂಡಿತು. ಏಜೆಂಟು ಆಗಾಗ ಮೀನಿನ ಹಾಗೆ ಬಾಯಿ ತೆರೆಯುತ್ತಾನೆ, ಏನೋ ಹೇಳಹೊರಡುತ್ತಾನೆ, ಟ್ರಿಂಗಣ್ಣನ ನಗುಮುಖ ಕಂಡೊಡನೆ ಬಾಯಿ ಮುಚ್ಚುತ್ತಾನೆ. ಏನಿರಬಹುದು ಆ ಗಂಟಲಲ್ಲಿ? ಕೇಳೋಣವೆಂದರೆ ಆಲ್ಬಮ್ ಬಂತು.

ಐದಕ್ಕೆ ಹತ್ತು ನಿಮಿಷ ಉಳಿಯಿತು. "ಇನ್ನು ಬ್ರಹ್ಮಾಸ್ತ್ರ!" ಎಂದ ಟೈಲರ್. ಆರು ಜನ ಕೆಲಸಗಾರರು ಏಜೆಂಟನ್ನು ಸುತ್ತುವರಿದು ಇನ್ನೂರು ಬೆಲ್ಲುಗಳ ಪರೀಕ್ಷೆಗೆ ನಿಂತರು. ಟ್ರಿಣ್! ಟ್ರಿಣ್! ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು. ಟ್ರಿಂಗಣ್ಣ ಎರಡೂ ಕಿವಿಗೆ ಹತ್ತಿ ತುರುಕಿ, ಎದುರಿಗೆ ಕೂತು, ವಕೀಲರು ಹೇಳಿದಂತೆ ಹಲ್ಲು ಕಿರಿದ.

ಏಜೆಂಟನ ಬಾಯಿ ತೆರೆಯಿತು, ಮುಚ್ಚಿತು. ಹೀಗೆ ಮೂರು ಸಲ. ಕಿವಿಯ ಹತ್ತಿ ಕಚಗುಳಿಯಿಟ್ಟು ಟ್ರಿಂಗಣ್ಣ ಮೂರು ಸಲವೂ ತಲೆ ಕೊಡವಿದ. ಏಜೆಂಟನ ಕಣ್ಣಲ್ಲಿ ನೀರು.

ಗೋಡೆ ಗಡಿಯಾರ ಐದು ಹೊಡೆಯಿತು. ಬೆಲ್ಲು ನಿಂತವು. ಟ್ರಿಂಗಣ್ಣ ಹತ್ತಿ ಕಿತ್ತ. ಏಜೆಂಟು ಎದ್ದು ಬಂದು ಅವನನ್ನು ಬಾಚಿ ತಬ್ಬಿಕೊಂಡ.

"ಯಜಮಾನ್ರೇ, ಇದೇನು ಪ್ರೀತಿ! ನಾನು ಬಂದದ್ದೇ ಕೆಲಸ ಬಿಡೋಕೆ. ಅತ್ತೆಗೆ ಎಂಟನೇ ಬೆಲ್ ಮಾರೋಕೆ ಮುಖ ಇಲ್ಲ. ಆದ್ರೆ ನೀವು ಬೆಳಿಗ್ಗೆಯಿಂದ ಮಾಡಿದ ಉಪಚಾರ ನೋಡಿ ದಾಕ್ಷಿಣ್ಯ, ಬಾಯೇ ಬರ್ಲಿಲ್ಲ. ಕೊನೆಗೆ ಗಲಾಟೆಯಲ್ಲಿ ಧೈರ್ಯ ಮಾಡಿ 'ನಾನು ಬಿಟ್ಟೆ, ಬಿಟ್ಟೆ, ಬಿಟ್ಟೆ' ಅಂತ ಮೂರು ಸಲ ಕೂಗಿದೆ. ಮೂರು ಸಲವೂ ನಗ್ತಾ ನಗ್ತಾ ಬೇಡ ಅಂತ ತಲೆ ಅಲ್ಲಾಡಿಸಿದ್ರಲ್ಲ!"

ಟ್ರಿಂಗಣ್ಣ ಅವನ ತೋಳು ಹಿಡಿದ. "ಈಗ... ಈಗ ಇನ್ನೊಂದ್ಸಲ ಹೇಳಿ ನೋಡೋಣ?"

"ಇನ್ನೆಲ್ಲಿ? ಐದು ದಾಟ್ತು. ಇನ್ನು ಹತ್ತು ವರ್ಷ ನಾನು ನಿಮ್ಮವನೇ!"

ಟ್ರಿಂಗಣ್ಣ ಆ ಇನ್ನೂರು ಬೆಲ್ಲುಗಳನ್ನು ಉಪಾಯ ಹೇಳಿದ ಟೈಲರನ ತಲೆಗೇ ಕಟ್ಟಿದ.

ಅಂದ ಹಾಗೆ, ನಿಮ್ಮ ಅಂಗಿಯ ಎರಡನೇ ಗುಂಡಿ ಸಡಿಲವಾಗಿದೆ. ಬಿಚ್ಚಿ ಕೊಡಿ, ಈಗಲೇ ಹೊಲಿದುಕೊಡುತ್ತೇನೆ. ಹೊಲಿಗೆಗೆ ಏನೂ ಬೇಡ. ಹೋಗುವಾಗ ಎರಡು ಬೆಲ್ ಕೊಂಡು ಹೋದರೆ ಸಾಕು. ಸೈಕಲ್ ಇಲ್ಲವೇ? ಆ ಅತ್ತೆಗೆ ಮಾತ್ರ ಇತ್ತೇ?