ಚೀನಾ ಡಾಕ್ಟರ ಜೀವನಚರಿತ್ರೆ ಬರೆಯಲು ಹೋದದ್ದು

ಇನ್ನೊಬ್ಬರ ಮಾತನ್ನು ತಾಳ್ಮೆಯಿಂದ ಕೇಳುವ ಗುಣ ನನಗಿದೆ ಎಂದು ಐವತ್ತೇಳು ವರ್ಷ ನಂಬಿಕೊಂಡು ಬಂದಿದ್ದೆ. ನಮ್ಮ ಮನೆಯಲ್ಲಿ ಇದನ್ನು ನಂಬುತ್ತಿದ್ದವಳು ನಾನೊಬ್ಬಳೇ. ಒಮ್ಮೆ ಅತ್ತೆಯನ್ನು ಕಳೆದುಕೊಂಡ ಸಹೋದ್ಯೋಗಿಯೊಬ್ಬಳಿಗೆ ಸಮಾಧಾನ ಹೇಳಲು ಹೋಗಿದ್ದೆ. ಅರ್ಧ ಗಂಟೆಯಲ್ಲಿ ಅವಳೇ ನನ್ನ ಕೈ ಹಿಡಿದುಕೊಂಡು, ನಮ್ಮ ತಾಯಿಯ ಮಂಡಿನೋವು ಬೇಗ ವಾಸಿಯಾಗುತ್ತದೆಂದು ನನಗೆ ಧೈರ್ಯ ತುಂಬುತ್ತಿದ್ದಳು. ಅದು ಹೇಗೆ ಆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಲಹಂಕದ ಕಾಲೇಜೊಂದರಲ್ಲಿ ನಾನು ಲೈಬ್ರರಿಯನ್. ಸದ್ದು ಮಾಡಬೇಡಿ ಎಂದು ಇತರರಿಗೆ ಹೇಳುವುದಕ್ಕೇ ತಿಂಗಳಿಗೆ ಸಂಬಳ ಎಣಿಸುವವಳು. ಸಂಜೆ ಮನೆಗೆ ಬಂದ ಮೇಲೆ ಅಷ್ಟೂ ಹೊತ್ತಿನ ಮಾತು ಒಟ್ಟಿಗೇ ಹೊರಬರುತ್ತದೆ ಎನ್ನುವುದು ನಮ್ಮ ಯಜಮಾನರ ವಾದ.

ಬಾಗಲಕೋಟೆಯ ಕಡೆಯಿಂದ ಬಂದು ಬ್ಯಾಟರಾಯನಪುರದಲ್ಲಿ ನೆಲೆ ನಿಂತು ನಮಗೆ ಮೂವತ್ತು ವರ್ಷವಾಯಿತು. ನಮ್ಮ ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತಾರೆ. ಪುಸ್ತಕಗಳ ನಡುವೆ ಇರುವವಳಿಗೆ ಬರೆಯಲೂ ಬರುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದ ಈ ಸಲ ನನ್ನನ್ನು ಸಂಪಾದಕಿ ಮಾಡಿದರು. ನಾನು ಕೂಡಲೇ, "ನಮ್ಮ ಎದುರು ಮನೆ ಡಾಕ್ಟರ ಜೀವನಚರಿತ್ರೆ ನಾನೇ ಬರಿತೀನಿ" ಎಂದು ಘೋಷಿಸಿಬಿಟ್ಟೆ.

ಎದುರು ಮನೆಯವರು ಡಾಕ್ಟರ್ ಲಿಯಾಂಗ್. ಎಪ್ಪತ್ತೇಳು ವರ್ಷ. ಯಶವಂತಪುರದ ಮಾರುಕಟ್ಟೆ ಪಕ್ಕದ ಗಲ್ಲಿಯಲ್ಲಿ ಅವರ ಕ್ಲಿನಿಕ್ಕು. ಈರುಳ್ಳಿ ಮಂಡಿಯ ಹಮಾಲರಿಂದ ಹಿಡಿದು ವ್ಯಾಪಾರಿಗಳ ಮೊಮ್ಮಕ್ಕಳವರೆಗೆ ಎಲ್ಲರಿಗೂ ಅವರು ಚೀನಾ ಡಾಕ್ಟ್ರು. ಅವರ ಮೊಮ್ಮಗಳು ಮೀನಾ ನನ್ನ ಘೋಷಣೆ ಕೇಳಿ ನಕ್ಕಳು. "ಆಂಟಿ, ತಾತ ತಮ್ ವಿಷ್ಯ ಏನೂ ಹೇಳಲ್ಲ. ನಾನ್ ಕೇಳಿದ್ರೆ, ನಿಂದು ಊಟ ಆಯ್ತಾ ಅಂತಾರೆ."

"ಕೇಳೋ ಹಂಗ ಕೇಳಿದ್ರ ಯಾರಾದ್ರೂ ಹೇಳ್ತಾರ ಬಿಡು" ಎಂದೆ ನಾನು.

ಕ್ಲಿನಿಕ್ಕು ಇರುವುದು ಮಹಡಿಯ ಮೇಲೆ. ಮೆಟ್ಟಿಲ ಬದಿಯಲ್ಲೆಲ್ಲ ಕೆಳಗಿನ ಅಂಗಡಿಯವರ ಈರುಳ್ಳಿ ಚೀಲಗಳು. ಮೊದಲನೇ ಬುಧವಾರ ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಹೊಸ ನೋಟ್‌ಬುಕ್ ಹಿಡಿದು ಹೋದೆ. ನೀವು ಚೀನಾದಿಂದ ಯಾವಾಗ ಬಂದಿರಿ ಎಂದು ಶುರು ಮಾಡಿದೆ. ಡಾಕ್ಟರು ಕನ್ನಡಕ ಒರೆಸಿಕೊಂಡರು. "ಬರೋದೆಲ್ಲಿಂದಮ್ಮಾ? ನಾನ್ ಹುಟ್ಟಿದ್ದು ಇಲ್ಲೇ. ಚೀನಾ ನೋಡಿರೋದು ಟೀವೀಲಿ."

ಬಂದವರು ಅವರ ತಂದೆ. ಕಲ್ಕತ್ತೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಬಂದು ಹಲ್ಲಿನ ಅಂಗಡಿ ಇಟ್ಟಿದ್ದರಂತೆ. ಚೀನಾ ಯುದ್ಧದ ಕಾಲದಲ್ಲಿ ಅಪ್ಪ, ಮಗ ಇಬ್ಬರೂ ವಾರ ವಾರ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕಿತ್ತು. ಡಾಕ್ಟರಿಗೆ ಆಗ ಹದಿನೈದು. ಬೀದಿಯಲ್ಲಿ ಜೊತೆಗೆ ಆಡುತ್ತಿದ್ದವರು ಮಾತು ಬಿಟ್ಟಿದ್ದರು. "ಒಂದ್ ದಿನ ಇನ್‌ಸ್ಪೆಕ್ಟರ್ ದವಡೆ ಹಿಡ್ಕೊಂಡು ಕೂತಿದ್ರು. ನಮ್ಮಪ್ಪ ಸಹಿ ಹಾಕಿ, ಬಾಯಿ ತೆಗೀರಿ ಸಾರ್ ಅಂದ್ರು. ಮಾರನೇ ವಾರದಿಂದ ಅವ್ರೇ ರಿಜಿಸ್ಟರ್ ತಗೊಂಡು ನಮ್ಮಂಗ್ಡಿಗೆ ಬರೋರು" ಎಂದರು. ಅಪ್ಪನಂತೆ ಹಲ್ಲಿನ ಕೆಲಸ ಯಾಕೆ ಹಿಡಿಯಲಿಲ್ಲ ಎಂದು ಕೇಳಿದೆ. "ಹಲ್ ಕಿತ್ತಾದ್ಮೇಲೆ ಜನ ತಿರುಗ್ ನೋಡಲ್ಲ. ನಂಗೆ ಅವ್ರು ಆಮೇಲೆ ಏನಾದ್ರು ಅಂತ ತಿಳ್ಕೊಬೇಕು ಅನ್ಸೋದು. ಅದಕ್ಕೇ ಫ್ಯಾಮಿಲಿ ಡಾಕ್ಟ್ರಾದೆ."

ಎಷ್ಟು ಚೆನ್ನಾಗಿದೆ ನೋಡಿ! ಇದೇ ಓಟದಲ್ಲಿ ಹೋಗಿದ್ದರೆ ಒಂದು ಪುಸ್ತಕವೇ ಆಗುತ್ತಿತ್ತು. ಆದರೆ ಅಷ್ಟರಲ್ಲಿ ಡಾಕ್ಟರು, "ನಿಮ್ ತಂದೆ ಏನ್ ಮಾಡ್ತಿದ್ರು?" ಎಂದು ಕೇಳಿದರು. ನಾನು ಹೇಳಿದೆ. ಅವರು ಹೇಗೆ ತೀರಿಕೊಂಡರು ಎಂದು ಕೇಳಿದರು. ಅದನ್ನೂ ಹೇಳಿದೆ. ರಾತ್ರಿ ಅಡುಗೆ ಯಾರದು, ನಿದ್ದೆ ಹೇಗೆ, ಬಸ್ ಸ್ಟಾಪಿಗೆ ನಡೆದು ಹೋಗುತ್ತೀರಾ ಎಂದೆಲ್ಲ ಕೇಳಿದರು. ಮನೆಗೆ ಬಂದು ನೋಡಿದರೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಪುಟ. ಎರಡನೇ ಬುಧವಾರ ಅದಕ್ಕೆ ಸೇರಿದ್ದು ಮೂರು ಸಾಲು. ಯಜಮಾನರು ಪುಟ ತಿರುಗಿಸಿ ನೋಡಿ, "ನೀ ಕೇಳಾಕ ಹೋಗಿದ್ದಿ ಏನ್ ಹೇಳಾಕ ಹೋಗಿದ್ದಿ?" ಎಂದರು. ಜೀವನಚರಿತ್ರೆಗೆ ಮೊದಲು ವಿಶ್ವಾಸ ಬೆಳೆಸಬೇಕು ಎಂದು ಅವರ ಬಾಯಿ ಮುಚ್ಚಿಸಿದೆ.

ಮೂರನೇ ಬುಧವಾರ ಹೋದಾಗ ಡಾಕ್ಟರ ಮೇಜಿನ ಮೇಲೆ ಒಂದು ಹಳೆಯ ಕಾಲದ ರಟ್ಟಿನ ಕಾರ್ಡು ಇತ್ತು. ಅವರ ಪದ್ಧತಿಯಲ್ಲಿ ಒಬ್ಬೊಬ್ಬರಿಗೆ ಒಂದು ಕಾರ್ಡಲ್ಲ, ಮನೆಗೊಂದು ಕಾರ್ಡು. ಇದರಲ್ಲಿ ಎರಡೂ ಬದಿಗೆ, ಎರಡು ವಾರ ನಾನು ಹೇಳಿದ್ದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿತ್ತು. ತಲೆಯ ಮೇಲೆ ನಮ್ಮ ಮನೆಯ ನಂಬರು!

"ಇದೇನು ಡಾಕ್ಟ್ರೇ? ನಾನು ರೋಗಿ ಅಲ್ಲ. ಬರೆಯೋದಕ್ಕೆ ಬಂದವಳು."

"ಇಲ್ಲಿಗ್ ಬರೋರೆಲ್ಲ ಇನ್ನೇನಕ್ಕೋ ಬಂದೋರೇ ಕಣಮ್ಮ. ಹೆಂಡ್ತಿ ಗಂಡನ್ ಕೆಮ್ಮು ತೋರ್ಸೋಕೆ ಅಂತ ಬರ್ತಾಳೆ. ಗಂಡ ಗುಂಡ್‌ಕಲ್ ಥರ ಇರ್ತಾನೆ. ನಾನು ಹೆಂಡ್ತಿ ಬಿಪಿ ನೋಡ್ತೀನಿ." ಕಾರ್ಡನ್ನು ಪಕ್ಕಕ್ಕಿಟ್ಟರು. "ಮೊದಲ್ನೇ ವಾರ ಮೆಟ್ಲು ಎಲ್ಲೂ ನಿಲ್ದೆ ಹತ್ತಿದ್ರಿ. ಹೋದ್ ವಾರ ಒಂದ್ಕಡೆ ನಿಂತ್ರಿ. ಇವತ್ತು ಎರಡ್ಕಡೆ."

"ಈರುಳ್ಳಿ ಹೆಂಗೈತಿ ಅಂತ ನೋಡ್ತಿದ್ದೆ."

"ಮೇಲ್ಗಡೆ ಮೆಟ್ಲಲ್ಲಿದ್ದ ಚೀಲ ಎಲ್ಲಾ ಇವತ್ತು ತೆಗ್ದ್ಬಿಟ್ಟವ್ರಲ್ಲಮ್ಮಾ."

ಒಂದು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎದೆ ಬಿಗಿದ ಹಾಗೆ ಆಗುತ್ತಿತ್ತು. ಗ್ಯಾಸು ಎಂದು ನಾನೇ ತೀರ್ಮಾನಿಸಿ ಅಜವಾನದ ನೀರು ಕುಡಿಯುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಇಡೀ ಜಗತ್ತಿಗೆ ಎಲ್ಲವನ್ನೂ ಹೇಳುವವಳು ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ನಮ್ಮ ತಂದೆ ಹೋದದ್ದು ಹೀಗೇ. ನನಗೆ ಹೆದರಿಕೆಯಾಗಿತ್ತು.

ಡಾಕ್ಟರು ತಮ್ಮ ಪುಟ್ಟ ಮಿಷನ್ನಿನಲ್ಲಿ ಇಸಿಜಿ ತೆಗೆದರು. ಚೀಟಿಯನ್ನು ನೋಡಿ ಒಂದು ಮಾತ್ರೆ ಅಗಿಯಲು ಕೊಟ್ಟು, ನಮ್ಮ ಯಜಮಾನರಿಗೆ ಫೋನ್ ಮಾಡಿ, ಕ್ಲಿನಿಕ್ಕಿಗೆ ಬೀಗ ಹಾಕಿದರು. ಕೆಳಗಿನ ಇಬ್ಬರು ಹಮಾಲರು ನನ್ನನ್ನು ಕುರ್ಚಿ ಸಮೇತ ಇಳಿಸಿದರು. ಒಂದು ಕ್ವಿಂಟಾಲ್ ಈರುಳ್ಳಿಗಿಂತ ನಾನು ಹಗುರ ಎಂದು ಅವರಲ್ಲೊಬ್ಬ ಹೇಳಿದ್ದು ಆ ಸ್ಥಿತಿಯಲ್ಲೂ ನನಗೆ ಖುಷಿ ಕೊಟ್ಟಿತು. ಆಟೋದಲ್ಲಿ ಹೆಬ್ಬಾಳದ ಕಡೆ ಹೊರಟೆವು. ಫ್ಲೈಓವರ್ ಹತ್ತಿರ ಎಂದಿನಂತೆ ಎಲ್ಲ ನಿಂತಿತ್ತು. ಡಾಕ್ಟರು ನನ್ನ ನಾಡಿ ಹಿಡಿದುಕೊಂಡು, "ಮಾತಾಡ್ತಾ ಇರಿ. ನಿಲ್ಲಿಸ್ಬೇಡಿ" ಎಂದರು. ನನ್ನ ಜೀವಮಾನದಲ್ಲಿ ನನಗೆ ಈ ಮಾತು ಹೇಳಿದವರು ಅವರೊಬ್ಬರೇ.

ಒಂದು ಸ್ಟೆಂಟು ಹಾಕಿದರು. ಇನ್ನು ನಾಲ್ಕು ದಿನ ತಡವಾಗಿದ್ದರೆ ಎಂದು ಶುರು ಮಾಡಿದ ಆಸ್ಪತ್ರೆಯ ಡಾಕ್ಟರು ವಾಕ್ಯ ಮುಗಿಸಲಿಲ್ಲ. ನಮ್ಮ ಯಜಮಾನರು ಕಾರಿಡಾರಿನಲ್ಲಿ ನಿಂತು ಅತ್ತರಂತೆ. ಇದನ್ನು ನನಗೆ ಹೇಳಿದ್ದು ಮೀನಾ. ಯಜಮಾನರು ಈಗಲೂ ಒಪ್ಪುವುದಿಲ್ಲ.

ತಿಂಗಳಾದ ಮೇಲೆ, ಮೆಟ್ಟಿಲು ಹತ್ತಬಹುದು ಎಂದು ಅಪ್ಪಣೆಯಾದ ದಿನ, ನೋಟ್‌ಬುಕ್ ಹಿಡಿದು ಮತ್ತೆ ಹೋದೆ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ. ಬಂದವರ ಕಾಲಿನ ಸಪ್ಪಳ ಕೇಳಿ, ಎಷ್ಟು ಕಡೆ ನಿಂತರೆಂದು ಲೆಕ್ಕ ಹಿಡಿಯುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಡಾಕ್ಟರು ತಮ್ಮ ಹೆಂಡತಿಯ ಹೆಸರು ಹೇಳಿದರು. ಸರೋಜಮ್ಮ, ಯಲಹಂಕದ ಹಳೇ ಊರಿನವರು. ಇಪ್ಪತ್ತೆರಡು ವರ್ಷ ಪ್ರತಿ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರಿನ ಡಬ್ಬಿ ಹಿಡಿದು ಆ ಮೆಟ್ಟಿಲು ಹತ್ತಿ ಬರುತ್ತಿದ್ದರು. "ಕೊನೇ ಆರು ತಿಂಗ್ಳು ನಡುವೆ ನಿಲ್ತಿದ್ಳು. ಎರಡ್ಕಡೆ. ಕೆಳಗಿನ ಅಂಗ್ಡಿಯವ್ರಿಗೆ ಗೊತ್ತಿತ್ತು. ಹಮಾಲ್ರಿಗೆ ಗೊತ್ತಿತ್ತು. ನಾನ್ ಒಳಗೆ ಪೇಷೆಂಟ್ ನೋಡ್ತಿದ್ದೆ. ಅವಳು ಬಂದು, ಡಬ್ಬಿ ಇಟ್ಟು, ಊಟ ಮಾಡಿ ಅಂತಿದ್ಳು. ನಾನು ಹ್ಞೂಂ ಅಂತಿದ್ದೆ. ಅವಳು ಹೋದ್ಮೇಲೆ ಕೇಳ್ಸ್ಕೊಳ್ಳೋಕೆ ಶುರು ಮಾಡ್ದೆ."

ಅವರು ಇನ್ನೂ ಬಹಳ ಹೇಳಿದರು. ಕೆಳಗೆ ಲಾರಿಗೆ ಚೀಲ ತುಂಬುವ ಸದ್ದು ನಿಂತು, ಅಂಗಡಿಗಳ ಷಟರ್ ಎಳೆಯುವವರೆಗೂ ಕೂತಿದ್ದೆ. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

ಮನೆಗೆ ಬಂದಾಗ ಯಜಮಾನರು ನನಗೆ ನೀರು ಕೊಟ್ಟು, ನೋಟ್‌ಬುಕ್ ತೆಗೆದು ನೋಡಿದರು. ಪುಟ ಖಾಲಿ ಇತ್ತು. ಪೆನ್ನಿನ ಮುಚ್ಚಳವನ್ನೂ ನಾನು ತೆಗೆದಿರಲಿಲ್ಲ.

"ಇವತ್ತೂ ನೀನ ಮಾತಾಡಿ ಬಂದಿ ಹೌದಿಲ್ಲೋ?" ಎಂದರು.

ಹೌದು ಎಂದೆ. ಬಿಡಿಸಿ ಹೇಳುವುದಕ್ಕೆ, ಮೊಟ್ಟಮೊದಲ ಬಾರಿಗೆ, ನನ್ನ ಹತ್ತಿರ ಮಾತಿರಲಿಲ್ಲ.